ಬಂಡೂರಿನ ಟಗರು ಮತ್ತು ನನ್ನ ಹಸಿರು ಸ್ಕೂಟರು

ಭೂಮಿಯನ್ನು ಉಳಿಸಬೇಕೆಂದು ನಾನು ತೀರ್ಮಾನ ಮಾಡಿದ್ದು ಕಳೆದ ಯುಗಾದಿ ಮುಗಿದ ಮೇಲೆ. ಅಲ್ಲಿಯವರೆಗೂ ಭೂಮಿ ಹೇಗೋ ತನ್ನ ಪಾಡಿಗೆ ತಾನು ತಿರುಗಿಕೊಂಡಿತ್ತು. ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಹೊಗೆಯ ದುಷ್ಪರಿಣಾಮಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡಿ, ಗಂಟೆ ಹೊಡೆದ ಕೂಡಲೇ ಅದೇ ಮಕ್ಕಳ ಮುಖಕ್ಕೆ ಹೊಗೆ ಬಿಡುತ್ತಾ ಹಳೇ ಸ್ಕೂಟರಿನಲ್ಲಿ ಮನೆಗೆ ಹೊರಡುವುದು ನನ್ನ ಆತ್ಮಸಾಕ್ಷಿಗೆ ಒಗ್ಗಲಿಲ್ಲ. ಎಲೆಕ್ಟ್ರಿಕ್ ಸ್ಕೂಟರು ತಂದೆ. ಹಸಿರು ಬಣ್ಣದ್ದೇ ತಂದೆ. ಯಾರಿಗೂ ಅನುಮಾನ ಉಳಿಯಬಾರದು ನೋಡಿ!

ಸ್ಕೂಟರು ಮಾಡಿದ ಕಂಪನಿಯವರು ನನಗಿಂತ ದೊಡ್ಡ ಪರಿಸರಪ್ರೇಮಿಗಳು. ಗಾಡಿಯ ಜೊತೆ ಚಾರ್ಜರೇ ಕೊಡಲಿಲ್ಲ. ಕೇಳಿದ್ದಕ್ಕೆ ಮಳಿಗೆಯ ಮ್ಯಾನೇಜರು ಎದೆಯ ಮೇಲೆ ಕೈಯಿಟ್ಟುಕೊಂಡು, "ಭೂಮಿ ಮೇಲೆ ಕಸ ಜಾಸ್ತಿ ಆಗ್ತಿದೆ ಮೇಡಂ. ಅದಕ್ಕೇ ಕಂಪನಿ ಚಾರ್ಜರ್ ಕೊಡೋದು ನಿಲ್ಲಿಸಿದೆ" ಎಂದರು.

"ಮತ್ತೆ ಚಾರ್ಜ್ ಮಾಡೋದು ಹೇಗೆ?"

"ಬೇರೆಯಾಗಿ ತಗೋಬಹುದು. ಆಯ್ಕೆ ಪೂರ್ತಿ ನಿಮ್ಮದೇ!"

ಎಷ್ಟು ಬಗೆ ಇವೆ ಎಂದು ಕೇಳಿದೆ. ಒಂದಿತ್ತು. ಅದನ್ನೇ ಆಯ್ಕೆ ಮಾಡಿಕೊಂಡೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ, ಸಣ್ಣ ಡಬ್ಬಿಯೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಥರ್ಮೋಕೋಲು, ಅದರೊಳಗೆ ಚಾರ್ಜರು. ಎಲ್ಲದರ ಮೇಲೂ ಒಂದೊಂದು ಹಸಿರು ಎಲೆಯ ಚಿತ್ರ. ಮನೆಗೇ ಬಂದು ಗೋಡೆಗೆ ಮೊಳೆ ಹೊಡೆದು ಕೂರಿಸಿ ಹೋದರು.

ನಮ್ಮ ಯಜಮಾನರ ಹೆಸರು ನಿಂಗರಾಜು. ಮದ್ದೂರು ತಾಲ್ಲೂಕಿನದೇ ಆದ ಕೊಪ್ಪದ ಹತ್ತಿರ ಇರುವ ನಮ್ಮ ಜಮೀನಿನಲ್ಲಿ ಕಬ್ಬು ಬೆಳೆಯುತ್ತಾರೆ. ಅವರು ಹೊಸ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಡಿ ಅಂದ್ರೆ ಸದ್ದು ಮಾಡ್ಬೇಕು ಕಣಮ್ಮಿ. ಇದೇನು, ಹಾಲು ಕುಡಿಯಕ್ಕೆ ಬೆಕ್ಕು ಬಂದಂಗೆ ಬತ್ತದೆ" ಎಂದರು. ಅಜ್ಞಾನಿಗಳೊಡನೆ ವಾದ ಮಾಡಬಾರದೆಂದು, ಕಂಪನಿಯವರು ಫೋನಿಗೆ ಕಳಿಸಿದ್ದ ಅರ್ಜಿ ತುಂಬುತ್ತಾ ಕೂತೆ.

ಹೀಗಿರುವಾಗ ನಮ್ಮ ಭಾವನ ಮಗನ ಮದುವೆಯಾಯಿತು. ಮದುವೆಯ ಮುಂದಿನ ಭಾನುವಾರ ಬೀಗರ ಊಟ. ನಮ್ಮ ಮಂಡ್ಯದ ಸೀಮೆಯಲ್ಲಿ ಜನ ಮದುವೆಯಲ್ಲಿ ಕಂಡ ಹೆಣ್ಣಿನ ಮುಖ ಮರೆತರೂ ಮರೆತಾರು, ಬೀಗರ ಊಟದ ಎಲೆಯ ಮೇಲೆ ಬಿದ್ದ ಮಾಂಸದ ರುಚಿಯನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ಹೆಣ್ಣಿನ ಕಡೆಯವರು ಮಂಡ್ಯದವರು. ಮದುವೆ ಮುಗಿಸಿ ಹೊರಡುವಾಗಲೇ, "ಬಂಡೂರು ಟಗರೇ ತಾನೇ?" ಎಂದು ನಗುನಗುತ್ತಾ ಕೇಳಿ ಹೋಗಿದ್ದರು. ಅದು ನಗುವಲ್ಲ, ನೋಟಿಸು. ಉಳಿದವರಿಗೆ ಯಾವ ಕುರಿಯಾದರೂ ನಡೆದೀತು, ಬೀಗರ ಪಂಕ್ತಿಗೆ ಮಾತ್ರ ಮೃದು ಮಾಂಸಕ್ಕೆ ಹೆಸರಾದ ಬಂಡೂರಿನದೇ ಆಗಬೇಕೆಂದು ಭಾವ ಕಟ್ಟಪ್ಪಣೆ ಮಾಡಿದರು. ತರುವ ಹೊಣೆ ನಮ್ಮದಾಯಿತು.

ಶನಿವಾರ ಬೆಳಿಗ್ಗೆ ಯಜಮಾನರು ತಮ್ಮ ಬೈಕು ಒರೆಸತೊಡಗಿದರು. ನಾನು ತಡೆದೆ. "ಒಂದು ತೊಟ್ಟು ಪೆಟ್ರೋಲ್ ಇಲ್ಲದೆ ಬಂಡೂರಿಗೆ ಹೋಗಿ ಬರೋಣ. ನೀವು ಹಿಂದೆ ಕೂತ್ಕೊಳಿ."

"ಅಲ್ಲಿಗೋದ್ಮೇಲೆ ಬ್ಯಾಟ್ರಿ ಮುಗುದ್ರೆ?"

ಮುಗಿದರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಕಂಪನಿಯ ಚಾರ್ಜರು ಗೋಡೆ ಬಿಟ್ಟು ಬರುವಂತಿರಲಿಲ್ಲ. ಆದ್ದರಿಂದ ಪೇಟೆಯ ಒಂದು ಅಂಗಡಿಯಲ್ಲಿ ಇನ್ನೊಂದು ಚಾರ್ಜರು ಕೊಂಡಿದ್ದೆ. "ಇದೂ ಅದೇ ಕರೆಂಟೇ ಕೊಡೋದು ಮೇಡಂ, ಮೇಲಿನ ಹೆಸರು ಮಾತ್ರ ಬೇರೆ" ಎಂದು ಅಂಗಡಿಯವನು ಹೇಳಿದ್ದ. ವಿಜ್ಞಾನದ ಪ್ರಕಾರ ಅವನ ಮಾತು ಸರಿ. ವಿಜ್ಞಾನಕ್ಕೂ ಕಂಪನಿಗೂ ಮಾತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ!

ಮಳವಳ್ಳಿ ದಾಟಿ ಬಂಡೂರು ಮುಟ್ಟುವ ಹೊತ್ತಿಗೆ ಬ್ಯಾಟರಿ ಏದುಸಿರು ಬಿಡುತ್ತಿತ್ತು. ಕುರಿ ಸಾಕುವ ಕೆಂಪಮ್ಮ ಎಂಬವರ ಮನೆ ಮುಂದೆ ನಿಲ್ಲಿಸಿದೆವು. ಯಜಮಾನರು ಒಂದೊಂದೇ ಟಗರಿನ ಬೆನ್ನು ಹಿಸುಕುತ್ತಾ, ಡಾಕ್ಟರರ ಗಾಂಭೀರ್ಯದಲ್ಲಿ "ಹೂಂ" ಎನ್ನುತ್ತಾ ಹೋದರು. ನಾನು ಕೆಂಪಮ್ಮನವರ ಅಪ್ಪಣೆ ಪಡೆದು ಜಗುಲಿಯ ಪ್ಲಗ್ಗಿಗೆ ನನ್ನ ಹೊಸ ಚಾರ್ಜರ್ ಸಿಕ್ಕಿಸಿದೆ.

ಸ್ಕೂಟರು ಮಾತಾಡಿತು. "ಅಪರಿಚಿತ ಚಾರ್ಜರ್ ಪತ್ತೆಯಾಗಿದೆ. ನಿಮ್ಮ ಸುರಕ್ಷತೆಗಾಗಿ ವಾಹನಕ್ಕೆ ಬೀಗ ಹಾಕಲಾಗಿದೆ."

ಕಟಕ್ ಎಂದು ಚಕ್ರ ಬಿಗಿಯಿತು. ಕೆಂಪಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ಅದ್ಯಾಕವ್ವ? ನಮ್ಮೂರ್ ಕರೆಂಟು ನಿಮ್ ಗಾಡಿಗೆ ಆಗಾಕಿಲ್ವ?"

ಗಾಬರಿಯಿಂದ ಪ್ಲಗ್ಗು ಕಿತ್ತೆ. ಪರದೆಯ ಮೇಲೆ ಉದ್ದನೆಯ ಒಪ್ಪಂದವೊಂದು ಬಂತು. ಇನ್ನು ಮುಂದೆ ಕಂಪನಿಯ ಚಾರ್ಜರನ್ನಲ್ಲದೆ ಬೇರೆಯದನ್ನು ಮನಸ್ಸಿನಲ್ಲಿಯೂ ನೆನೆಯುವುದಿಲ್ಲ ಎಂಬುದು ಅದರ ಸಾರಾಂಶ. ಕೆಳಗೆ ಎರಡು ಗುಂಡಿಗಳು: "ಒಪ್ಪುತ್ತೇನೆ", "ಆಮೇಲೆ ಒಪ್ಪುತ್ತೇನೆ". ಒಪ್ಪುವುದಿಲ್ಲ ಎಂಬ ಗುಂಡಿಗಾಗಿ ಹುಡುಕಿದೆ. ಕಸ ಕಡಿಮೆ ಮಾಡುವ ಸಲುವಾಗಿ ಅದನ್ನೂ ತೆಗೆದಿದ್ದರು! ಒಪ್ಪಿದೆ.

"ಧನ್ಯವಾದಗಳು. ಬೀಗ ತೆಗೆಸಲು ದಯವಿಟ್ಟು ವಾಹನವನ್ನು ಓಡಿಸಿಕೊಂಡು ನಮ್ಮ ಅಧಿಕೃತ ಕೇಂದ್ರಕ್ಕೆ ಬನ್ನಿ."

"ಬೀಗ ಹಾಕಿದ ಗಾಡೀನ ಓಡುಸ್ಕೊಂಡ್ ಓಗದು ಎಂಗೆ ಅಂತ ಕೇಳಮ್ಮಿ" ಎಂದರು ಯಜಮಾನರು. ಕೇಳಲು ಗುಂಡಿ ಇರಲಿಲ್ಲ.

ಯಜಮಾನರು ಆರಿಸಿಕೊಂಡ ಟಗರನ್ನು ಸಾಗಿಸಲು ಹೇಗೂ ಒಂದು ಗೂಡ್ಸ್ ಆಟೋ ಮಾತಾಡಿದ್ದೆವು. ಅದರ ಡ್ರೈವರ್ ಸಿದ್ದರಾಜು ಸ್ಕೂಟರನ್ನು ನೋಡಿ, "ಟಗರಿನ ಪಕ್ಕದಾಗೆ ಇದ್ನೂ ಏರುಸ್ಕಳಿ, ಅತ್ಲಾಗೆ" ಎಂದ. ಊರಿನವರೆಲ್ಲ ಸೇರಿ ಎತ್ತಿದರು. ಚಕ್ರ ನೆಲ ಬಿಟ್ಟದ್ದೇ ತಡ, ಇಲ್ಲಿಯವರೆಗೆ ಬೆಕ್ಕಿನಂತಿದ್ದ ಗಾಡಿ ಬೊಬ್ಬೆ ಹಾಕಿತು: "ಕಳ್ಳತನ! ಕಳ್ಳತನ! ಈ ವಾಹನವನ್ನು ಕದಿಯಲಾಗುತ್ತಿದೆ!" ಕನ್ನಡದಲ್ಲಿ ಕೂಗಿತು, ಹಿಂದಿಯಲ್ಲಿ ಕೂಗಿತು, ಇಂಗ್ಲಿಷಿನಲ್ಲಿ ಕೂಗಿ, ಉಸಿರು ತೆಗೆದುಕೊಂಡು ಮತ್ತೆ ಕನ್ನಡಕ್ಕೆ ಬಂತು. ನನ್ನನ್ನು ಹೊರಲು ಇಲ್ಲದ ಬ್ಯಾಟರಿ ನನ್ನನ್ನು ಕಳ್ಳಿ ಎನ್ನಲು ಎಲ್ಲಿಂದ ಬಂತೋ!

ನಾನು ಮುಂದೆ ಡ್ರೈವರ್ ಪಕ್ಕ ಕೂತೆ. ಯಜಮಾನರು ಹಿಂದೆ, ಟಗರಿಗೂ ಸ್ಕೂಟರಿಗೂ ನಡುವೆ. ಬಂಡೂರು ಟಗರಿಗೆ ಕೊಂಬಿರುವುದಿಲ್ಲ. ಸ್ಕೂಟರಿಗೆ ಹ್ಯಾಂಡಲ್ ಇತ್ತು. ಎದುರು ನಿಂತು ಕೊಂಬು ಚಾಚಿ ಅರಚುವ ಈ ಹಸಿರು ಪ್ರಾಣಿಯನ್ನು ಕಂಡು ಟಗರಿನ ಕುಲಗೌರವಕ್ಕೆ ಪೆಟ್ಟು ಬಿತ್ತೋ ಏನೋ, ಎರಡು ಹೆಜ್ಜೆ ಹಿಂದೆ ಸರಿದು ಢೀ ಎಂದು ಗುದ್ದಿತು. ಸ್ಕೂಟರು ಸುಮ್ಮನಾಗುವ ಸೂಚನೆ ಕಂಡಾಗಲೆಲ್ಲ ಇನ್ನೊಂದು ಢೀ. ಮತ್ತೆ "ಕಳ್ಳತನ!" ನಡುವೆ ಯಜಮಾನರ ಮೊಣಕಾಲು.

"ಒಂದ್ ತೊಟ್ಟು ಪೆಟ್ರೋಲ್ ಇಲ್ದೆ ಅಂದ್ಯಲ್ಲಮ್ಮಿ!" ಎಂದು ಹಿಂದಿನಿಂದ ಕೂಗಿದರು. ನಿಜವೇ, ಅದು ಡೀಸೆಲ್ ಆಟೋ. ಅದರ ಹೊಗೆಗೆ ನನ್ನ ಕಣ್ಣುರಿಯುತ್ತಿತ್ತು.

ಮಳವಳ್ಳಿಯ ಬಸ್ ನಿಲ್ದಾಣದ ಹತ್ತಿರ ಜನ ಅಡ್ಡ ಹಾಕಿದರು. ಕುರಿ ಕಳ್ಳತನ ಎಂದರೆ ನಮ್ಮ ಕಡೆ ಜನ ಊಟ ಬಿಟ್ಟು ಎದ್ದು ಬರುತ್ತಾರೆ. ಒಬ್ಬರು ಪೊಲೀಸಿನವರೂ ಬಂದರು. ಟಗರನ್ನು ನೋಡಿದರು, ಸ್ಕೂಟರನ್ನು ನೋಡಿದರು, ನನ್ನನ್ನು ನೋಡಿದರು.

"ಯಾವ್ದಮ್ಮ ಕದ್ದಿರೋದು? ಟಗರೋ, ಗಾಡಿಯೋ?"

"ಸಾರ್, ನಾನು ಟೀಚರ್!" ಎಂದೆ. ಅದು ಉತ್ತರವಲ್ಲ ಎಂದು ಹೇಳಿದ ಮೇಲೆ ಹೊಳೆಯಿತು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕಂಪನಿಯವರೇ! ದೇವರು ಬಂದಂತಾಯಿತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಆ ದಿನದ ನನ್ನ ತಪ್ಪುಗಳಲ್ಲಿ ಇದಕ್ಕೆ ಪ್ರಥಮ ಬಹುಮಾನ.

"ಮೇಡಂ, ಗಾಬರಿಯಾಗಬೇಡಿ. ನಿಮ್ಮ ವಾಹನವನ್ನು ಯಾರೋ ಕದ್ದು ಮಳವಳ್ಳಿಯಲ್ಲಿ ಇಟ್ಟುಕೊಂಡಿದ್ದಾರೆ" ಎಂದಿತು ಒಂದು ಹೆಣ್ಣು ದನಿ.

"ಗೊತ್ತು, ನಾನೂ ಜೊತೆಯಲ್ಲೇ ಇದ್ದೀನಿ."

"ಕಳ್ಳನ ಜೊತೆಯಲ್ಲಾ?"

"ಕಳ್ಳ ಇಲ್ಲ. ತಗೊಂಡು ಹೋಗ್ತಿರೋಳೇ ನಾನು!"

"ಅಂದ್ರೆ, ನೀವೇ ಕಳ್ಳರಾ ಮೇಡಂ?"

ಜನ ಹೋ ಎಂದರು. ನಾನು ಮಾಲೀಕಳೆಂದು ಎಷ್ಟು ಹೇಳಿದರೂ ದನಿ ನಂಬಲಿಲ್ಲ. "ನಿಮ್ಮ ಸುರಕ್ಷತೆಗಾಗಿ ಒಂದು ಪ್ರಶ್ನೆ. ಗಾಡಿ ತಗೊಂಡಾಗ ನೀವೇ ಉತ್ತರ ಬರೆಸಿದ್ದೀರಿ. ನಿಮ್ಮ ಅಚ್ಚುಮೆಚ್ಚಿನ ಪ್ರಾಣಿ ಯಾವುದು?"

ಉತ್ತರ ನೆನಪಿತ್ತು. ಅದೇ ತೊಂದರೆ! ಗಾಡಿ ತಂದ ದಿನ, ಬೆಕ್ಕು ಗಿಕ್ಕು ಎಂದು ಹಂಗಿಸಿದ ಸಿಟ್ಟಿನಲ್ಲಿ ಅರ್ಜಿಯ ಆ ಖಾಲಿ ಜಾಗವನ್ನು ತುಂಬಿದ್ದೆ.

"ನಾಯಿ" ಎಂದೆ ಮೆಲ್ಲಗೆ.

"ತಪ್ಪು ಮೇಡಂ."

"ಟಗರು ಅನ್ನಿ ಮೇಡಂ!" ಗುಂಪಿನಿಂದ ಯಾರೋ ನೆರವಾದರು. "ಆನೆ!" "ನವಿಲು ಕಣ್ಲಾ, ಹೆಂಗುಸ್ರಿಗೆ ನವಿಲೇ ಇಷ್ಟ!" ಪೊಲೀಸಿನವರೂ ಕುತೂಹಲ ತಡೆಯಲಾರದೆ, "ಜಿಂಕೆ ಟ್ರೈ ಮಾಡಿ" ಎಂದರು.

"ಇನ್ನೊಂದೇ ಅವಕಾಶ ಮೇಡಂ. ತಪ್ಪಾದರೆ ಪೊಲೀಸರಿಗೆ ತಿಳಿಸ್ತೀವಿ."

ಪೊಲೀಸರಿಗೆ ಆಗಲೇ ತಿಳಿದಿತ್ತು. ಅವರು ಮೀಸೆ ತಿರುವುತ್ತಾ ಎದುರಿಗೇ ನಿಂತಿದ್ದರು. ಹಿಂದಿನಿಂದ ಯಜಮಾನರು, ಟಗರನ್ನು ತಬ್ಬಿಕೊಂಡು, "ಅದೇನ್ ಬರೆಸಿದ್ಯೋ ಹೇಳ್ಬುಡಮ್ಮಿ, ಮೊಣಕಾಲು ಓಯ್ತು!" ಎಂದು ಗೋಗರೆದರು.

ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ನಿಂಗರಾಜು."

"ಸರಿಯಾದ ಉತ್ತರ! ಧನ್ಯವಾದಗಳು ಮೇಡಂ."

ಸ್ಕೂಟರು ಥಟ್ಟನೆ ಸುಮ್ಮನಾಯಿತು. ಟಗರೂ ಸುಮ್ಮನಾಯಿತು. ಬಸ್ ನಿಲ್ದಾಣವೇ ಸುಮ್ಮನಾಯಿತು. ಪೊಲೀಸಿನವರು, "ನಿಂಗರಾಜು ಅಂದ್ರೆ ಯಾವ ಪ್ರಾಣಿನಮ್ಮ?" ಎಂದರು. ಸಿದ್ದರಾಜು ಹೆಬ್ಬೆರಳಿನಿಂದ ಆಟೋದ ಹಿಂಬದಿಯನ್ನು ತೋರಿಸಿದ. ಆಮೇಲೆ ಎದ್ದ ನಗು ಮದ್ದೂರಿನವರೆಗೂ ನಮ್ಮ ಬೆನ್ನಟ್ಟಿದಂತಿತ್ತು.

ಯಜಮಾನರು ನನ್ನ ಕಡೆ ಬೆನ್ನು ತಿರುಗಿಸಿ ಕೂತರು. ಟಗರಿನ ತಲೆ ಸವರುತ್ತಾ, "ನೀನು ಪುಣ್ಯವಂತ ಕಣ್ಲಾ, ನಿಂದು ನಾಳೀಕೆ ಮುಗೀತದೆ" ಎಂದದ್ದು ಕೇಳಿಸಿತು.

ಭಾನುವಾರ ಬೀಗರು ಚಪ್ಪರಿಸಿ ಉಂಡರು. ಭಾವನ ಮರ್ಯಾದೆ ಉಳಿಯಿತು. ಕೈ ತೊಳೆಯುತ್ತಿದ್ದಾಗ ಫೋನಿಗೆ ಕಂಪನಿಯಿಂದ ಒಂದು ಪ್ರಶಸ್ತಿಪತ್ರ ಬಂತು. ಸುತ್ತಲೂ ಹಸಿರು ಎಲೆಗಳ ಅಂಚು. "ಅಭಿನಂದನೆಗಳು! ನಿನ್ನೆ ನಿಮ್ಮ ವಾಹನ ಬಂಡೂರಿನಿಂದ ಮದ್ದೂರಿನವರೆಗೆ ಹೊಗೆಯಿಲ್ಲದೆ ಸಂಚರಿಸಿದೆ. ಬ್ಯಾಟರಿಯನ್ನೂ ಬಳಸದೆ ಇಷ್ಟು ದೂರ ಕ್ರಮಿಸಿದ ನಮ್ಮ ಏಕೈಕ ಗ್ರಾಹಕರು ನೀವು. ಭೂಮಿ ನಿಮಗೆ ಋಣಿ."

ನಗಬೇಕಿತ್ತು. ಆದರೆ ನಡೆದ ಅವಮಾನದ ಮೇಲೆ ಒಂದು ಪ್ರಶಸ್ತಿ ಎಂದರೆ ಯಾರಿಗೆ ಬೇಡ? ಒಂದು ಕ್ಷಣವೂ ಯೋಚಿಸದೆ ವಾಟ್ಸಾಪಿನ ಸ್ಟೇಟಸ್‌ಗೆ ಹಾಕಿದೆ. ಚಪ್ಪಾಳೆಗಳೂ ಬಂದವು. ಯಜಮಾನರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಸೋಮವಾರ ಹತ್ತನೇ ತರಗತಿಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡಿದ್ದೆ, ಅಷ್ಟೇ. ಮುಂದಿನ ಬೆಂಚಿನ ಸೌಮ್ಯ ಎದ್ದು ನಿಂತಳು.

"ಮಿಸ್, ನಿಮ್ ಸ್ಟೇಟಸ್ ನೋಡ್ದೆ. ಪೆಟ್ರೋಲೂ ಇಲ್ದೆ ಬ್ಯಾಟ್ರಿನೂ ಇಲ್ದೆ ಗಾಡಿ ಅಷ್ಟು ದೂರ ಹೆಂಗ್ ಬಂತು ಮಿಸ್? ಶಕ್ತೀನ ಸೃಷ್ಟಿ ಮಾಡಕ್ಕೆ ಆಗಲ್ಲ ಅಂತ ನೀವೇ ಪಾಠ ಮಾಡಿದ್ರಲ್ಲ?"

ಇಡೀ ತರಗತಿ ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, ನನ್ನಲ್ಲಿ ಉಳಿದಿದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಹೇಳಿದೆ:

"ಅದು ಮುಂದಿನ ವರ್ಷದ ಪಾಠ. ಕೂತ್ಕೊ."

ಮುಂದಿನ ವರ್ಷ ಅವಳು ಕಾಲೇಜಿಗೆ ಹೋಗುತ್ತಾಳೆ. ದೇವರು ದೊಡ್ಡವನು!