ಹದಿನಾಲ್ಕು ನಂಬರಿನ ಗ್ಲಾಸು

ಹುಲಗೇಶನಿಗೆ ಈ ಜನ್ಮದಲ್ಲಿ ಒಮ್ಮೆಯಾದರೂ ಸೂರ್ಯಗ್ರಹಣ ನೋಡಬೇಕಿತ್ತು. ಎಂಬತ್ತನೇ ಇಸವಿಯಲ್ಲಿ ಹುಬ್ಬಳ್ಳಿಗೆ ಹಾಡಹಗಲೇ ಕತ್ತಲು ಕವಿದಾಗ ಅವನಿಗೆ ಎಂಟು ವರ್ಷ. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ದುರ್ಬೀನು ಹೊತ್ತು ಬಂದು ನೋಡಿ ಹೋದರು. ಊರವನೇ ಆದ ಹುಲಗೇಶ ಮಾತ್ರ ಅವ್ವ ಸತ್ಯವ್ವ ಹೊದಿಸಿದ ಕಂಬಳಿಯೊಳಗೆ ಬೆವರುತ್ತಿದ್ದ.

ನಲವತ್ತೆರಡು ವರ್ಷಗಳ ಮೇಲೆ, ಕಾಲೇಜಿನ ಗುಮಾಸ್ತನಾಗಿ ಮೀಸೆ ಬೆಳ್ಳಗಾದ ಮೇಲೆ, ಮತ್ತೊಂದು ಬಂತು. ದೀಪಾವಳಿ ಅಮಾವಾಸ್ಯೆ, ಸಂಜೆ ಐದರ ಸುಮಾರಿಗೆ. ನಮ್ಮ ಕಡೆ ಕಾಣುವುದು ಸಣ್ಣ ತುಣುಕಷ್ಟೇ ಎಂದು ಪೇಪರಿನಲ್ಲಿತ್ತು. ತುಣುಕಾದರೂ ಸರಿ ಎಂದುಕೊಂಡ. ಆದರೆ ಬರಿಗಣ್ಣಿನಲ್ಲಿ ನೋಡುವ ಹಾಗಿಲ್ಲ.

ಬೆಳಿಗ್ಗೆಯೇ ವಿದ್ಯಾನಗರದ ಕನ್ನಡಕದ ಅಂಗಡಿಗೆ ಹೋದ. ಅಂಗಡಿಯವನು ಕರೀ ಕೂಲಿಂಗ್ ಗ್ಲಾಸು ತೊಡಿಸಿ ಕನ್ನಡಿ ಹಿಡಿದ. "ಇದನ್ನ ಹಾಕ್ಕೊಂಡ್ರ ಸೂರ್ಯಗ ನಿಮ್ಮ ಗುರ್ತ ಸಹಿತ ಸಿಗಂಗಿಲ್ಲ ನೋಡ್ರಿ."

ಬರಿಗೈಲಿ ಮರಳಿದರೆ ಪಕ್ಕದ ಮನೆಯ ದುರ್ಗೇಶ ಗೇಟಿನಲ್ಲೇ ಕಾದಿದ್ದ. "ಅಣ್ಣಾ, ರೊಕ್ಕಾ ಯಾಕ ಕಳೀತಿ? ನಮ್ಮ ಮಾವನ ಮೊಣಕಾಲಿಂದು ಎಕ್ಸ್‌ರೇ ಐತಿ. ಅದರಾಗ ನೋಡು."

"ಕಣ್ಣ ಹೋಗ್ತಾವೋ ಮಾರಾಯಾ. ಅದು ಮೊಣಕಾಲ ನೋಡಾಕ ಮಾಡಿದ್ದು."

ಎದುರು ಮನೆಯ ಸ್ಯಾಮ್ಯುಯೆಲ್ ಮಾಸ್ತರರು ಮಿಶನ್ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಕಂಪೌಂಡಿನ ಮೇಲಿಂದ ತೀರ್ಪು ಕೊಟ್ಟರು. "ವೆಲ್ಡಿಂಗ್ ಗ್ಲಾಸ್ ತೊಗೊಂಬರ್ರಿ. ಹದಿನಾಲ್ಕು ನಂಬರ್. ಒಂದು ನಂಬರ್ ಕಡಿಮಿ ಇದ್ರೂ ಮುಟ್ಟಬ್ಯಾಡ್ರಿ."

ಹಬ್ಬದ ದಿನ. ಹಳೇ ಹುಬ್ಬಳ್ಳಿಯಲ್ಲಿ ಬಾಗಿಲು ತೆರೆದಿದ್ದದ್ದು ಇಕ್ಬಾಲನ ವೆಲ್ಡಿಂಗ್ ಅಂಗಡಿ ಒಂದೇ.

"ಹದಿನಾಲ್ಕು ಯಾರೂ ಕೇಳಂಗಿಲ್ರಿ ಕಾಕಾ," ಎಂದ ಇಕ್ಬಾಲ. "ಏಳು ನಂಬರಿನವು ಎರಡು ಅದಾವು. ಜೋಡಿಸಿ ಹಿಡೀರಿ. ಏಳೂ ಏಳೂ ಹದಿನಾಲ್ಕ ಅಲ್ಲೇನ್ರಿ?"

ಹುಲಗೇಶನಿಗೂ ಲೆಕ್ಕ ಸರಿಯೆನಿಸಿತು. ಆದರೂ ಮಾಸ್ತರರಿಗೆ ಫೋನು ಹಚ್ಚಿದ. ಗ್ಲಾಸಿನ ನಂಬರು ಹಾಗೆ ಕೂಡುವುದಿಲ್ಲವೆಂದು ಅವರು ಬೈದದ್ದು ಇಕ್ಬಾಲನಿಗೂ ನೇರವಾಗಿ ಕೇಳಿಸಿತು. ಅವನು ತೆಪ್ಪಗೆ ಅಟ್ಟ ಹತ್ತಿ, ಧೂಳು ಹಿಡಿದ ಡಬ್ಬಿಗಳನ್ನೆಲ್ಲ ಬೋರಲು ಹಾಕಿ, ಒಂದು ಹದಿನಾಲ್ಕು ಹುಡುಕಿ ತಂದ. ಹುಲಗೇಶ ಅದನ್ನು ಕಣ್ಣಿಗೆ ಹಿಡಿದು ಅಂಗಡಿಯ ಬಲ್ಬು ನೋಡಿದ.

"ಏನೂ ಕಾಣವಲ್ದಲ್ಲೋ!"

"ಕಾಣಬಾರದ್ರಿ. ಕಂಡ್ರ ಅದು ಹದಿನಾಲ್ಕ ಅಲ್ಲ."

ಪರೀಕ್ಷೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮನೆಯ ತಿರುವಿನಲ್ಲಿ ಸೂರ್ಯನಾದರೂ ಕಾಣುತ್ತಾನೋ ನೋಡೋಣವೆಂದು ಗ್ಲಾಸು ಹಿಡಿದೇ ನಾಲ್ಕು ಹೆಜ್ಜೆ ನಡೆದ. ಐದನೆಯ ಹೆಜ್ಜೆಗೆ ಎಮ್ಮೆ ಸಿಕ್ಕಿತು. ಎಮ್ಮೆ ಕದಲಲಿಲ್ಲ; ಹುಲಗೇಶನೇ ಗಟಾರಕ್ಕೆ ಇಳಿದ. ಗ್ಲಾಸು ಹಿಡಿದ ಕೈ ಮಾತ್ರ ಧ್ವಜಸ್ತಂಭದ ಹಾಗೆ ಮೇಲೆಯೇ ಇತ್ತು.

"ಹಬ್ಬದ ದಿನ ಗಟಾರದಾಗಿಂದ ಎದ್ದು ಬರ್ತಾನ ನನ್ನ ಮಗಾ!" ಎಂದು ಸತ್ಯವ್ವ ಹಣೆ ಬಡಿದುಕೊಂಡಳು. "ಮೊದಲ ಮೈ ತೊಳ್ಕೋ ಹೋಗು."

ಗ್ಲಾಸನ್ನು ಮೇಜಿನ ಮೇಲಿಟ್ಟು ಮೈ ತೊಳೆದು ಬಂದ. ಗಡಿಯಾರ ಐದು ಹೊಡೆಯುತ್ತಿತ್ತು. ಗ್ಲಾಸು ಎತ್ತಿಕೊಂಡವನೇ ಮಾಳಿಗೆಗೆ ಓಡಿದ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಓದುವ ಕನ್ನಡಕ ಕೆಳಗೇ ಉಳಿದಿತ್ತು. ಪೇಪರ್ ಓದುವ ಹಾಗೆ ತೋಳುದ್ದ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದ.

ಎಳೇ ಲಿಂಬೆಕಾಯಿಯಂಥ ಹಸಿರು ಸೂರ್ಯ. ಅದರ ಅಂಚಿಗೆ ಕಪ್ಪಗೆ, ದುಂಡಗೆ ಏನೋ ಬಾಯಿ ಹಾಕಿತ್ತು.

ಹುಲಗೇಶ ತುದಿಗಾಲಲ್ಲಿ ನಿಂತು ಗ್ಲಾಸನ್ನು ಇನ್ನೂ ಮೇಲೆತ್ತಿದ. ನೋಡನೋಡುತ್ತ ಕಪ್ಪು ಅರ್ಧ ನುಂಗಿತು, ಮುಕ್ಕಾಲು ನುಂಗಿತು, ಪೂರ್ತಿ!

"ಖಗ್ರಾಸ! ಪೂರಾ ನುಂಗಿತ್ರಿ!" ಎಂದು ಕೂಗಿದ. ಪೇಪರಿನವರಿಗೆ ಏನು ಗೊತ್ತು?

ಮುಚ್ಚಿದ ಕಿಟಕಿಯ ಹಿಂದಿನಿಂದ ದುರ್ಗೇಶ ಕೇಳಿದ. "ಕತ್ತಲ ಆಗವಲ್ದಲ್ಲ ಅಣ್ಣಾ?"

"ಈಗಿನ ಗ್ರಹಣ ಹಿಂಗ ಇರ್ತಾವೋ! ಆತು, ಬಿಟ್ಟಿತು! ಹೊರಗ ಬರ್ರಿ!"

ನಲವತ್ತೆರಡು ವರ್ಷದ ಆಸೆ ಮೂರು ನಿಮಿಷದಲ್ಲಿ ತೀರಿತ್ತು. ಕಣ್ಣೀರು ಒರೆಸಿಕೊಳ್ಳುತ್ತ ಕೆಳಗಿಳಿದು, ಗ್ಲಾಸನ್ನು ಮಾಸ್ತರರ ಕೈಗಿಟ್ಟ. ಅವರು ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿ ಮಾಳಿಗೆ ಹತ್ತಿದರು; ಹೊರಬಂದಿದ್ದ ಓಣಿಯವರೂ ಅವರ ಹಿಂದೆ ಹತ್ತಿದರು. ಗ್ರಹಣ ಬಿಟ್ಟಿತೆಂದ ಮೇಲೆ ಸತ್ಯವ್ವ ಸುಮ್ಮನಿರುವಳೇ? ಐವತ್ತರ ಮಗನನ್ನು ದರದರ ಎಳೆದೊಯ್ದು ಬಚ್ಚಲಲ್ಲಿ ಕೂರಿಸಿ, ತಲೆಗೆ ಸೀಗೀಪುಡಿ ಹಾಕಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು.

ಆಗ ಮಾಳಿಗೆಯಿಂದ ಓಣಿಯವರೆಲ್ಲ ಒಟ್ಟಿಗೆ ಕೂಗಿದ್ದು ಕೇಳಿಸಿತು. "ಹಿಡೀತು! ಈಗ ಹಿಡೀತು ನೋಡ್ರಿ!"

ಹುಲಗೇಶ ಥಟ್ಟನೆ ಎದ್ದ. ಎದ್ದ ರಭಸಕ್ಕೆ ತಲೆಯ ಮೇಲಿನ ಸೀಗೀಪುಡಿಯೆಲ್ಲ ಎರಡೂ ಕಣ್ಣಿಗೆ ಇಳಿಯಿತು. ಟವೆಲ್ ಸುತ್ತಿಕೊಂಡು, ಗೋಡೆ ತಡವುತ್ತ ಮೆಟ್ಟಿಲು ಹತ್ತಿದ.

"ಹುಲಗೇಶ್, ಗ್ಲಾಸಿಗೆ ಹೆಬ್ಬೆರಳಗಲ ಕುಂಕುಮ ಯಾರು ಹಚ್ಚಿದ್ರಿ?" ಎಂದರು ಮಾಸ್ತರರು. "ನೀವು ನೋಡಿದ್ದು ಗ್ರಹಣ ಅಲ್ರಿ, ಅದನ್ನ. ಒರೆಸಿ ನೋಡಿದ್ರ ಗ್ರಹಣ ಈಗ ಸುರು ಆಗೈತಿ."

"ನಾನ ಹಚ್ಚೇನ್ರಿ," ಎಂದಳು ಹಿಂದೆಯೇ ಏದುಸಿರು ಬಿಡುತ್ತ ಬಂದ ಸತ್ಯವ್ವ. "ಅಮಾಸಿ ದಿನ ಮನಿಗೆ ಹೊಸಾ ವಸ್ತು ಬಂದೈತಿ. ಹಂಗ ಬಳಸಾಕ ಬಿಡ್ತಾರೇನು?"

"ಲಗೂ ನೋಡ್ರಿ, ಸೂರ್ಯ ಆ ಅಪಾರ್ಟ್‌ಮೆಂಟಿನ ಹಿಂದ ಹೊಂಟಾನ!" ಎಂದರು ಮಾಸ್ತರರು.

ಅವರೇ ಗ್ಲಾಸನ್ನು ಅವನ ಮುಖದ ಮುಂದೆ ಹಿಡಿದರು. ಹುಲಗೇಶ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಲು ನೋಡಿದ. ಉರಿ ತಾಳದೆ ಅವು ಮತ್ತೆ ಮುಚ್ಚಿಕೊಂಡವು. ಸುತ್ತ ನಿಂತವರು "ಹೋದ, ಹೋದ" ಎಂದು ನಿಟ್ಟುಸಿರಿಟ್ಟರು.

ಕೊನೆಗೂ ಕಣ್ಣು ತೆರೆದಾಗ ಅವನೆದುರು ಅಪಾರ್ಟ್‌ಮೆಂಟಿನ ಗೋಡೆಯಿತ್ತು. ದುರ್ಗೇಶ ಬಗ್ಗಿ ಅವನ ಮುಖ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಓಣಿಗೆಲ್ಲ ಕೇಳುವಂತೆ ಹೇಳಿದ.

"ಅಯ್ಯಯ್ಯ, ಕಣ್ಣ ನೋಡ್ರಿ, ಕೆಂಡ ಆಗ್ಯಾವ! ಪಾಪ, ಅಣ್ಣ ಗ್ರಹಣಾ ಅದೆಷ್ಟೊತ್ತು ನೋಡ್ಯಾನೋ!"