ಒಂದು ನಿಮಿಷದ ಓದು

ಎರಡನೇ ಕ್ಲಾಸಿನ ಮೇಷ್ಟ್ರು ಮುಖ ತೊಳೆಯಲೆಂದು ಕನ್ನಡಕ ತೆಗೆದು ಕ್ಲಾಸಿನ ಕಿಟಕಿಯ ಮೇಲಿಟ್ಟರು. ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಕನ್ನಡಕ ಮಾಯ. ಅದಿಲ್ಲದಿದ್ದರೆ ಅವರಿಗೆ ಹತ್ತಿರದ್ದೆಲ್ಲ ದಟ್ಟ ಮಂಜು, ದೂರದ್ದು ಸ್ವಲ್ಪ ತೆಳು ಮಂಜು.

ಬೇರೆ ದಿನವಾಗಿದ್ದರೆ ರಜೆ ಹಾಕಿ ಹೋಗುತ್ತಿದ್ದರೇನೋ. ಆದರೆ ಇವತ್ತು ಓದಿನ ಪರೀಕ್ಷೆ. ಮೇಲಿನ ಕಚೇರಿಯಿಂದ ಬಂದ ಮೇಡಂ ಎದುರು ಪ್ರತಿ ಮಗುವೂ ಒಂದು ನಿಮಿಷ ಗಟ್ಟಿಯಾಗಿ ಓದಬೇಕು, ಮೇಷ್ಟ್ರು ತಪ್ಪುಗಳನ್ನು ಗುರುತಿಸಬೇಕು. ತೀರಾ ಹಿಂದುಳಿದ ಮಗು ಸಿಕ್ಕರೆ ಓದು ಕಲಿಸಲೆಂದೇ ಶಾಲೆಗೆ ಒಬ್ಬ ಟೀಚರನ್ನು ಕೊಡುತ್ತಾರೆ. ಅಂಥ ಮಗು ಇವರ ಬಳಿ ಇತ್ತು, ಗುಬ್ಬಿ. ಮಾತು ಅರಳು ಹುರಿದ ಹಾಗೆ, ಪುಸ್ತಕ ತೆರೆದರೆ ಮಾತ್ರ ಬಾಯಿಗೆ ಬೀಗ. ಸೋಮಾರಿ ಎಂದು ಉಳಿದವರೆಲ್ಲ ಅವಳನ್ನು ಕೈಬಿಟ್ಟಿದ್ದರು. ಮೇಷ್ಟ್ರು ಬಿಟ್ಟಿರಲಿಲ್ಲ. ಆ ಟೀಚರನ್ನು ಅವಳಿಗೆ ಕೊಡಿಸಿಯೇ ತೀರುತ್ತೇನೆಂದು ವರ್ಷವಿಡೀ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದರು.

"ತಲೆ ಕೆಡಿಸ್ಕೋಬೇಡಿ, ನಂದು ಹಾಕ್ಕೊಳ್ಳಿ" ಎಂದು ಡ್ರಿಲ್ ಮೇಷ್ಟ್ರು ತಮ್ಮ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡ ಮೇಷ್ಟ್ರು ಮೇಜಿನ ಮೇಲಿದ್ದ ಹಾಳೆಯೊಂದನ್ನು ಎತ್ತಿ ಮೊದಲನೇ ಹುಡುಗನಿಗೆ ಕೊಟ್ಟರು. ಅವನು ಗಂಟಲು ಸರಿಮಾಡಿಕೊಂಡು ಓದಿದ. "ದಿನವೂ ತಡವಾಗಿ ಬರುತ್ತಿರುವ ಡ್ರಿಲ್ ಮೇಷ್ಟ್ರು ಕೂಡಲೇ ಹೆಡ್ ಮೇಡಂ ಅವರನ್ನು ಕಾಣತಕ್ಕದ್ದು."

ಓದಿನಲ್ಲಿ ಒಂದೂ ತಪ್ಪಿರಲಿಲ್ಲ. ಡ್ರಿಲ್ ಮೇಷ್ಟ್ರು ಕನ್ನಡಕ ಕಿತ್ತುಕೊಂಡು ದಡದಡ ಹೊರಟುಹೋದರು.

ಆಮೇಲೆ ಗುಮಾಸ್ತರ ಕನ್ನಡಕ ಬಂತು. ಒಂದು ಕಡ್ಡಿ ಮುರಿದಿದ್ದರಿಂದ ಅದಕ್ಕೆ ದಾರ ಕಟ್ಟಿತ್ತು. ಅದರೊಳಗಿಂದ ನೋಡಿದ ಮೇಷ್ಟ್ರು ಮೂಲೆಯಲ್ಲಿದ್ದ ನೀರಿನ ಡ್ರಮ್ಮಿಗೆ, "ಹೆದರ್ಕೋಬೇಡ ಮರಿ, ಬಾ ಕೂತ್ಕೋ" ಎಂದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು.

"ಬೇಡ ಬಿಡಿ ಸಾರ್, ಮುಂದಿನ ವರ್ಷ ನೋಡೋಣ" ಎಂದರು ಮೇಡಂ.

"ಆಗಲ್ಲ ಮೇಡಂ! ತಪ್ಪು ನೀವು ಗುರುತು ಹಾಕಿ, ನಾನು ಕಿವಿಯಲ್ಲೇ ಕೇಳ್ತೀನಿ. ಇವತ್ತೇ ಆಗ್ಬೇಕು."

ಆ ಹಠಕ್ಕೆ ಮೇಡಂ ಸೋತರು. ಒಬ್ಬೊಬ್ಬರೇ ಓದಿ ಹೋದರು. ಕೊನೆಗೆ ಗುಬ್ಬಿಯ ಸರದಿ. ಮೇಡಂ ತಮ್ಮ ಹಾಳೆಯ ಮೇಲೆ ಬಗ್ಗಿದರು. ಗುಬ್ಬಿ ತನ್ನ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮಗುವೊಂದು ಓದದಿರಲಿ ಎಂದು ಮೇಷ್ಟ್ರು ಹಾರೈಸಿದ್ದು ಅದೇ ಮೊದಲು.

"ಕಾ-ಡಿ-ನ... ಅಂ-ಚಿ-ನ-ಲ್ಲಿ... ಒಂ-ದು... ಆ-ಮೆ..."

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು.

"ಒಂದೂ ತಪ್ಪಿಲ್ವಲ್ಲ!" ಎಂದರು ಮೇಡಂ. "ಇವಳಿಗೇನಾ ನೀವು ಟೀಚರ್ ಕೇಳಿದ್ದು?"

"ಎಷ್ಟು ನಿಧಾನ ನೋಡಿ ಮೇಡಂ! ಓದಿನಲ್ಲಿ ವೇಗ ಮುಖ್ಯ!"

"ವೇಗ ತಾನಾಗೇ ಬರುತ್ತೆ ಸಾರ್, ಏನು ಅವಸರ?" ಎನ್ನುತ್ತ ಮೇಡಂ 'ಟೀಚರ್ ಅಗತ್ಯವಿಲ್ಲ' ಎಂದು ಬರೆದೇಬಿಟ್ಟರು.

ಗುಬ್ಬಿ ಹಾಳೆ ಕೆಳಗಿಳಿಸಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಗುಮಾಸ್ತರು ಕೂಗಿಕೊಂಡರು. "ಸಾರ್! ನಿಮ್ಮ ಕನ್ನಡಕ ಅವಳ ಮೂಗಿನ ಮೇಲಿದೆ!"

"ಕಿಟಕಿ ಮೇಲೆ ಸಿಕ್ತು ಸಾರ್" ಎಂದಳು ಗುಬ್ಬಿ. "ಹಾಕ್ಕೊಂಡೆ, ಅಲ್ಲಾಡ್ತಿದ್ದ ಅಕ್ಷರ ಎಲ್ಲಾ ಸುಮ್ನೆ ನಿಂತ್ಕೊಂಡ್ವು. ಪರೀಕ್ಷೆ ಆದ್ಮೇಲೆ ಕೊಡ್ತಿದ್ದೆ."

ವರ್ಷವಿಡೀ ಆ ಮಗುವಿನ ಕಣ್ಣಿನ ಬಗ್ಗೆ ಯೋಚಿಸಲೇ ಇಲ್ಲವಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

"ಇವಳಿಗೆ ಬೇಕಿರೋದು ಕಣ್ಣಿನ ಡಾಕ್ಟರು" ಎಂದು ಮೇಡಂ ಹೊರಟರು. "ಇವಳಿಗೆ ಹೊಸದು ಬರೋವರೆಗೂ ಇದು ಮಗು ಹತ್ರಾನೇ ಇರ್ಲಿ ಸಾರ್. ನೀವು ಓದಿ ಏನಾಗ್ಬೇಕು?" ಎಂದು ಗುಮಾಸ್ತರು ತೀರ್ಪು ಕೊಟ್ಟರು. ಮೇಷ್ಟ್ರು ಇಲ್ಲವೆನ್ನಲಿಲ್ಲ.

ಸಂಜೆ ಗುಬ್ಬಿಯೇ ಕೈಹಿಡಿದು ಅವರನ್ನು ಮನೆಗೆ ಕರೆದೊಯ್ದಳು. ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಬಿಡದೆ ಓದಿದಳು. ಟೈಲರ್ ಅಂಗಡಿ, ಬೀಗದ ಅಂಗಡಿ, ಗೋಡೆಯ ಮೇಲಿನ ಮೂಲವ್ಯಾಧಿಯ ಜಾಹೀರಾತು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

"ಎ-ಚ್ಚ-ರಿ-ಕೆ" ಎಂದು ಗುಬ್ಬಿ ನಿಂತಳು. "ರ-ಸ್ತೆ-ಯ-ಲ್ಲಿ... ದೊ-ಡ್ಡ..."

"ಭೇಷ್! ನಿಲ್ಲಿಸ್ಬೇಡ, ಓದು!" ಮೇಷ್ಟ್ರು ಅವಳ ಕೈ ಬಿಟ್ಟು, ಚಪ್ಪಾಳೆ ತಟ್ಟುತ್ತ ಹೆಜ್ಜೆ ಮುಂದಿಟ್ಟರು.

"...ಗುಂ-ಡಿ" ಎಂದು ಗುಬ್ಬಿ ಒಂದೂ ತಪ್ಪಿಲ್ಲದೆ ಮುಗಿಸಿದಳು.

"ವೇಗ ಮುಖ್ಯ ಅಂತ ಆ ಮೇಡಂಗೆ ಬಡ್ಕೊಂಡೆ" ಎಂದು ಮೇಷ್ಟ್ರು ಸೊಂಟದವರೆಗಿನ ಕೆಸರಿನಲ್ಲಿ ನಿಂತು ಗೊಣಗಿದರು.