ಕಾರವಾರದಿಂದ ಬಂದ ಫೋನು

ಗಿರಾಕಿ ಕೇಳಿದ್ದು ಇಡ್ಲಿ ಪಾತ್ರೆ. ತರಲು ಅಟ್ಟ ಹತ್ತಿದ ಸಂಕೇತನ ಕಣ್ಣಿಗೆ ಅಲ್ಲೊಂದು ಹಿತ್ತಾಳೆ ಗಂಟೆ ಬಿತ್ತು. ಅದನ್ನು ಫಳಫಳ ಉಜ್ಜಿ ಇಳಿದು ಬರುವಷ್ಟರಲ್ಲಿ ಗಿರಾಕಿ ಎದುರಂಗಡಿಯಲ್ಲಿ ಪಾತ್ರೆ ಕೊಂಡು, ಮನೆಗೆ ಹೋಗಿ, ಇಡ್ಲಿ ಬೇಯಿಸಿಯೂ ಆಗಿತ್ತು.

"ಇನ್ನೊಂದ್ಸಲ ಹಿಂಗಾದ್ರೆ ಮನೇಲೇ ಕೂತ್ಕೊ, ತಮಾ," ಎಂದರು ಅಂಕೋಲೆಯ ಪಾತ್ರೆ ಅಂಗಡಿಯ ಯಜಮಾನ ರಾಮನಾಥರು.

ಇದ್ದದ್ದೊಂದು ನೌಕರಿ. ಇಂಥ ಮರೆವು, ಚಡಪಡಿಕೆಗೂ ಎ.ಡಿ.ಎಚ್.ಡಿ. ಎಂಬ ಹೆಸರಿದೆ, ಮದ್ದಿದೆ ಎಂದು ಪೇಪರಿನಲ್ಲಿ ಓದಿದ್ದ ಸಂಕೇತ ಮರುದಿನ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೊರಟ. ಪಕ್ಕದ ಮನೆಯ ಕಾಮಕ್ಕ ಬೇಲಿಯಾಚೆಯಿಂದಲೇ ಹಿಡಿದಳು.

"ಎಲ್ಲಿಗೋ ಸವಾರಿ?"

"ಕಾರವಾರಕ್ಕೆ... ಒಬ್ರನ್ನ ನೋಡೂಕೆ," ಎಂದು ತಲೆ ತಗ್ಗಿಸಿದ. ಮನೋವೈದ್ಯರು ಎಂದರೆ ಊರೆಲ್ಲ ಹುಚ್ಚನೆಂದೀತು.

ಡಾಕ್ಟರು ನಮಿತಾ ಸೂಜಿ ಚುಚ್ಚಲಿಲ್ಲ, ರಕ್ತ ತೆಗೆಯಲಿಲ್ಲ, ಬರೀ ಕೇಳಿದರು. ಯಾರಾದರೂ ಮಾತಾಡುವಾಗ ಮನಸ್ಸು ನಡುವೆಯೇ ಎದ್ದುಹೋಗುತ್ತದೆಯೇ? ಶಾಲೆಯಲ್ಲಿ ಕೂತಲ್ಲಿ ಕೂರದೆ ಪೆಟ್ಟು ತಿಂದದ್ದುಂಟೇ? ಶುರುಮಾಡಿ ಅರ್ಧಕ್ಕೆ ಬಿಟ್ಟ ಕೆಲಸಗಳೆಷ್ಟು? ಸಂಕೇತ ಬೆರಗಾದ. ಹೆತ್ತ ತಾಯಿಗೂ ತಿಳಿಯದ್ದು ಈಕೆಗೆ ಹೇಗೆ ತಿಳಿಯಿತು? ಇಷ್ಟು ವರ್ಷ ಸೋಮಾರಿ ಎನಿಸಿಕೊಂಡವನಿಗೆ, ತನ್ನೊಳಗನ್ನು ಯಾರೋ ದೀಪ ಹಿಡಿದು ನೋಡುತ್ತಿದ್ದಾರೆ ಅನ್ನಿಸಿ ಕಣ್ಣು ತುಂಬಿತು.

"ನಿಮ್ಮ ಮಾತೊಂದೇ ಸಾಲೂದಿಲ್ಲ," ಎಂದರು ಡಾಕ್ಟರು. "ಚಿಕ್ಕಂದಿನಿಂದ ನೋಡಿದವರು, ಕೆಲಸದ ಕಡೆಯವರು, ಇಬ್ಬರೂ ಹೇಳಬೇಕು. ಫೋನ್ ಮಾಡ್ಲಾ?"

"ಮಾಡಿ. ಕಾಯಿಲೆ ಸುದ್ದಿ ಮಾತ್ರ ಎತ್ಬೇಡಿ." ತನ್ನನ್ನು ಎತ್ತಿ ಆಡಿಸಿದ ಕಾಮಕ್ಕನ ನಂಬರು, ರಾಮನಾಥರ ನಂಬರು ಕೊಟ್ಟ.

ಒಳಕೋಣೆಗೆ ಹೋಗಿ ಮಾತಾಡಿ ಬಂದ ಡಾಕ್ಟರ ಹುಬ್ಬು ಮೇಲೇರಿತ್ತು.

"ಕೂತ್ರೆ ಬಂಡೆ, ಹಿಡಿದ ಕೆಲಸ ಮುಗಿಯದೆ ನೀರೂ ಮುಟ್ಟೂದಿಲ್ಲ ಅಂತಾರೆ ನೆರೆಯವರು. ಅಂಗಡಿಯವರಂತೂ ಇಂಥ ಹುಡುಗ ಜಿಲ್ಲೆಯಲ್ಲೇ ಇಲ್ಲ ಅಂದ್ರು! ನೀವು ಹೇಳಿದ್ದು ಸುಳ್ಳು ಅನ್ನೂದಿಲ್ಲ. ಆದ್ರೆ ಇವತ್ತೇ ತೀರ್ಮಾನ ಮಾಡೂಕಾಗೂದಿಲ್ಲ. ಮುಂದಿನ ವಾರ ಇಬ್ರನ್ನೂ ಕರ್ಕೊಂಡು ಬನ್ನಿ."

ಬೈಯದ ದಿನವಿಲ್ಲದ ರಾಮನಾಥರು ಹೊಗಳಿದರೇ! ಅದೇ ಗುಂಗಿನಲ್ಲಿ ಸಂಕೇತ, ಬಸ್ಸು ಅಂಕೋಲೆ ದಾಟಿದ್ದೂ ತಿಳಿಯದೆ ಮುಂದಿನ ಬಾಳೆಗುಳಿಯಲ್ಲಿ ಇಳಿದು, ರಿಕ್ಷಾ ಹಿಡಿದು ಹಿಂದೆ ಬಂದ.

ಅಂಗಡಿಯಲ್ಲಿ ಯಜಮಾನರೇ ಎದ್ದು ಕುರ್ಚಿ ಕೊಟ್ಟರು. ಕಾಮಕ್ಕನೂ ಅಲ್ಲೇ ಇದ್ದಳು.

"ಹುಡ್ಗಿ ಕಡೆಯವ್ರು ನಿನ್ನ ಗುಣ ವಿಚಾರಿಸಿದ್ರು, ತಮಾ. ಲಗ್ನದ ಕೆಲ್ಸಕ್ಕೆ ಕಲ್ಲು ಹಾಕೂಕಾಗ್ತದ್ಯಾ? ಬಾಯಿತುಂಬ ಹೊಗಳ್ದೆ!"

"ನಾನೂ!" ಎಂದಳು ಕಾಮಕ್ಕ.

ಸಂಕೇತನಿಗೆ ಆಗ ಎಲ್ಲ ಹೊಳೆಯಿತು.

"ಅಯ್ಯೋ, ಅವ್ರು ಹುಡ್ಗಿ ಕಡೆಯವ್ರಲ್ಲ! ಫೋನ್ ಮಾಡಿದ್ದು ಡಾಕ್ಟರು, ನಾನು ನೋಡೂಕೆ ಹೋದದ್ದೂ ಅವ್ರನ್ನೇ..."

"ಹುಡ್ಗಿನೇ ಮಾಡಿದ್ದಾ? ಅದೂ ಡಾಕ್ಟ್ರಾ!" ಕಾಮಕ್ಕ ಮೂಗಿನ ಮೇಲೆ ಬೆರಳಿಟ್ಟವಳು, ಓಣಿಗೆಲ್ಲ ಸುದ್ದಿ ಮುಟ್ಟಿಸಲು ಓಡಿದಳು.

ರಾಮನಾಥರು ಸಂಕೇತನ ಎರಡೂ ಕೈ ಹಿಡಿದುಕೊಂಡರು.

"ಡಾಕ್ಟ್ರ ಗಂಡ ಅಟ್ಟ ಹತ್ತಿ ಪಾತ್ರೆ ಇಳಿಸೂದಾ? ಛೇ! ನಾಳೆಯಿಂದ ನೀ ಬರೂದೇ ಬ್ಯಾಡ ಮಾರಾಯ. ನಿನ್ನ ಜಾಗಕ್ಕೆ ನನ್ನ ತಂಗಿ ಮಗ ದತ್ತಾ ಬರ್ತಾ."